ಚೇಸ್ ಕೌಂಟಿಯ ಹುಲ್ಲುಗಾವಲು: ಯಾವಾಗ ಹೋಗಬೇಕು, ಎಲ್ಲಿ ನಡೆಯಬೇಕು

"ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಶನಿವಾರ ಎಲ್ಲಾದರೂ ಕರ್ಕೊಂಡು ಹೋಗಬೇಕು. ಕ್ಯಾನ್ಸಸ್‌ನಲ್ಲಿ ನೋಡೋಕೆ ಏನಿದೆ?" ಕ್ಯಾನ್ಸಸ್ ಸಿಟಿ, ವಿಚಿಟಾ ಕಡೆಯ ಓದುಗರು ಇದನ್ನು ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಚೇಸ್ ಕೌಂಟಿ. ಕೌಂಟಿ ಅಂದರೆ ರಾಜ್ಯದ ಕೆಳಗಿನ ಆಡಳಿತ ವಿಭಾಗ, ವಿಸ್ತಾರದಲ್ಲಿ ನಮ್ಮ ದೊಡ್ಡ ತಾಲ್ಲೂಕಿನಷ್ಟು. 2020ರ ಜನಗಣತಿಯ ಪ್ರಕಾರ ಇಡೀ ಚೇಸ್ ಕೌಂಟಿಯಲ್ಲಿ ಇರುವುದು 2,572 ಜನ. ಉಳಿದಿದ್ದೆಲ್ಲ ಹುಲ್ಲು, ದನ, ಕಲ್ಲು, ಗಾಳಿ.

ಹೋಗಿ ಬಂದ ಕೆಲವರು "ಅಲ್ಲೇನಿದೆ, ಬರೀ ಹುಲ್ಲು" ಅನ್ನುತ್ತಾರೆ. ವಿಚಾರಿಸಿದರೆ ಅವರು ಕಾರಿನಿಂದ ಇಳಿದೇ ಇರುವುದಿಲ್ಲ. ಈ ಜಾಗ ಕಾರಿನ ಕಿಟಕಿಗೆ ಏನನ್ನೂ ಕೊಡುವುದಿಲ್ಲ. ಒಂದು ಮೈಲಿಯಾದರೂ ನಡೆಯುತ್ತೇನೆ ಅನ್ನುವವರು ಮುಂದೆ ಓದಿ. ನಡೆಯುವ ಮನಸ್ಸಿಲ್ಲದಿದ್ದರೆ ಬೇರೆ ಜಾಗ ನೋಡಿಕೊಳ್ಳುವುದೇ ವಾಸಿ.

ಹೊರಡುವ ಮುಂಚೆ ಒಂದು ವಿಷಯ ತಿಳಿದಿರಲಿ. ಉತ್ತರ ಅಮೆರಿಕದ ನಡುಭಾಗದಲ್ಲಿ ಒಂದು ಕಾಲದಲ್ಲಿ ಸುಮಾರು 17 ಕೋಟಿ ಎಕರೆ ಎತ್ತರದ ಹುಲ್ಲುಗಾವಲು ಇತ್ತು. ಇದನ್ನು ಟಾಲ್‌ಗ್ರಾಸ್ ಪ್ರೇರಿ ಅನ್ನುತ್ತಾರೆ. ಮಣ್ಣು ಚೆನ್ನಾಗಿದ್ದ ಕಡೆಯೆಲ್ಲ ಉತ್ತು ಮೆಕ್ಕೆಜೋಳ, ಸೋಯಾ ಹಾಕಿದರು. ಈಗ ಉಳಿದಿರುವುದು ಶೇಕಡಾ 4ಕ್ಕಿಂತ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ಫ್ಲಿಂಟ್ ಹಿಲ್ಸ್ ಎಂಬ ಈ ಗುಡ್ಡಗಳ ಸಾಲಿನಲ್ಲಿದೆ. ಇಲ್ಲೇ ಯಾಕೆ ಉಳಿಯಿತು ಅಂತ ನೋಡಬೇಕಾದರೆ ದಾರಿ ಪಕ್ಕ ಗುಡ್ಡ ಕಡಿದ ಜಾಗದಲ್ಲಿ ನಿಲ್ಲಿ. ಮೇಲೆ ಗೇಣುದ್ದ ಮಣ್ಣು, ಅದರ ಕೆಳಗೆ ಬಿಳಿ ಸುಣ್ಣದ ಕಲ್ಲಿನ ಪದರ, ಆ ಪದರದೊಳಗೆ ಬೂದು ಬಣ್ಣದ ಚಕಮಕಿ ಕಲ್ಲಿನ ಗಂಟುಗಳು. ಇದರಲ್ಲಿ ನೇಗಿಲು ಓಡುವುದಿಲ್ಲ. ಉಳುವವರು ಬಿಟ್ಟುಹೋದರು, ದನ ಮೇಯಿಸುವವರು ಉಳಿದುಕೊಂಡರು.

ಹಂತ 1: ತಿಂಗಳು ಆರಿಸಿಕೊಳ್ಳಿ

ಜನ ಎಡವುವುದು ಇಲ್ಲೇ. ರಜೆ ಸಿಕ್ಕಿತು ಅಂತ ಜುಲೈನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನಿಲ್ಲುತ್ತಾರೆ. ಬಿಸಿಲು 38 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳು ಅವು. ಗುಡ್ಡದ ಮೇಲೆ ನೆರಳಿಗೆ ಅಂತ ಒಂದು ಮರವೂ ಇಲ್ಲ.

ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಇಲ್ಲಿ ಹುಲ್ಲಿಗೆ ಬೆಂಕಿ ಹಾಕುತ್ತಾರೆ. ಬೇಕೆಂದೇ, ಲೆಕ್ಕ ಹಾಕಿ, ಗಾಳಿ ನೋಡಿ ಹಾಕುವ ಬೆಂಕಿ ಇದು. ಒಣ ಹುಲ್ಲು ಸುಟ್ಟರೆ ಗಿಡಮರಗಳ ಸಸಿ ಸಾಯುತ್ತದೆ, ಹೊಸ ಹುಲ್ಲು ದನಗಳಿಗೆ ಪುಷ್ಟಿಯಾಗಿ ಬರುತ್ತದೆ. ಸುಡದೆ ಬಿಟ್ಟರೆ ಕೆಲವೇ ದಶಕಗಳಲ್ಲಿ ಸೀಡರ್ ಮರಗಳು ಹುಲ್ಲುಗಾವಲನ್ನು ನುಂಗಿಬಿಡುತ್ತವೆ. ಸಂಜೆ ಗುಡ್ಡದ ಅಂಚಿನಲ್ಲಿ ಬೆಂಕಿಯ ಗೆರೆ ಹರಿಯುವುದನ್ನು ದೂರದಿಂದ ನೋಡಬಹುದು. ಆದರೆ ಹೊಗೆ ರಸ್ತೆಗೆ ಅಡ್ಡ ಬಂದರೆ ಹೆಡ್‌ಲೈಟ್ ಹಾಕಿ, ವೇಗ ಇಳಿಸಿ. ಫೋಟೋಗೋಸ್ಕರ ಹೊಗೆಯೊಳಗೆ ಗಾಡಿ ನಿಲ್ಲಿಸಬೇಡಿ. ಆಸ್ತಮಾ ಇರುವವರು ಈ ವಾರಗಳನ್ನು ಬಿಟ್ಟುಬಿಡಿ.

ಮೇ, ಜೂನ್ ತಿಂಗಳಲ್ಲಿ ಗುಡ್ಡ ಹಸಿರಾಗುತ್ತದೆ, ಕಾಡು ಹೂ ಬಿಡುತ್ತದೆ. ಜೂನ್ ಮೊದಲ ವಾರಾಂತ್ಯದ ಹೊತ್ತಿಗೆ ಸ್ಟ್ರಾಂಗ್ ಸಿಟಿ ಎಂಬ ಇಲ್ಲಿನ ಚಿಕ್ಕ ಊರಿನಲ್ಲಿ ಫ್ಲಿಂಟ್ ಹಿಲ್ಸ್ ರೋಡಿಯೋ ನಡೆಯುತ್ತದೆ. ರೋಡಿಯೋ ಅಂದರೆ ಕುದುರೆ, ಹೋರಿ ಪಳಗಿಸುವ ಸ್ಪರ್ಧೆ. ಜಾತ್ರೆಯ ಗದ್ದಲ ಇಷ್ಟವಿದ್ದರೆ ಆಗಲೇ ಹೋಗಿ. ಇಲ್ಲದಿದ್ದರೆ ಆ ವಾರ ತಪ್ಪಿಸಿ, ರೂಮು ಸಿಗುವುದೂ ಕಷ್ಟ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಹುಲ್ಲು ಪೂರ್ತಿ ಎತ್ತರಕ್ಕೆ ಬಂದಿರುತ್ತದೆ. ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲಿನ ಕಾಂಡ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಅದರ ತುದಿಯನ್ನು ಕೈಯಲ್ಲಿ ಹಿಡಿದು ನೋಡಿ. ರಾಗಿ ತೆನೆಯ ಹಾಗೆ ಕವಲೊಡೆದಿರುತ್ತದೆ, ಹೆಚ್ಚಾಗಿ ಮೂರು ಬೆರಳು. ಇಲ್ಲಿಯವರು ಅದನ್ನು ಟರ್ಕಿ ಕೋಳಿಯ ಕಾಲು ಅಂತ ಕರೆಯುತ್ತಾರೆ. ಬಿಸಿಲೂ ಹದವಾಗಿರುತ್ತದೆ, ಹುಳದ ಕಾಟವೂ ಕಡಿಮೆ.

ಚಳಿಗಾಲದಲ್ಲಿ ಹೋಗಬಾರದು ಅಂತೇನಿಲ್ಲ. ಆದರೆ ಗಾಳಿಗೆ ಅಡ್ಡ ಏನೂ ಇಲ್ಲದ ಜಾಗ. ಊರಿಂದ ಬಂದ ಹಿರಿಯರನ್ನು ಜನವರಿಯಲ್ಲಿ ಅಲ್ಲಿ ನಡೆಸಬೇಡಿ.

ಹಂತ 2: ದಾರಿ ಗೊತ್ತು ಮಾಡಿಕೊಳ್ಳಿ

ಕ್ಯಾನ್ಸಸ್ ಸಿಟಿ, ಓವರ್‌ಲ್ಯಾಂಡ್ ಪಾರ್ಕ್ ಕಡೆಯವರು ಐ-35 ಹಿಡಿದು ಎಂಪೋರಿಯಾಗೆ ಬನ್ನಿ. ಅಲ್ಲಿಂದ ಯು.ಎಸ್. 50ರಲ್ಲಿ ಪಶ್ಚಿಮಕ್ಕೆ ಸುಮಾರು 20 ಮೈಲಿ ಹೋದರೆ ಸ್ಟ್ರಾಂಗ್ ಸಿಟಿ. ಒಟ್ಟು ಎರಡು ಗಂಟೆಯ ದಾರಿ. ಎಂಪೋರಿಯಾವರೆಗೆ ಟೋಲ್ ಇಲ್ಲ.

ವಿಚಿಟಾದವರು ಕ್ಯಾನ್ಸಸ್ ಟರ್ನ್‌ಪೈಕ್‌ನಲ್ಲಿ ಬಂದು ಕ್ಯಾಸೊಡೇ ಎಕ್ಸಿಟ್‌ನಲ್ಲಿ ಇಳಿದು, ಕೆ-177 ರಸ್ತೆಯಲ್ಲಿ ಉತ್ತರಕ್ಕೆ ತಿರುಗಿ. ಟರ್ನ್‌ಪೈಕ್ ಅಂದರೆ ಟೋಲ್ ರಸ್ತೆ. 2024ರ ಜುಲೈಯಿಂದ ಅಲ್ಲಿ ದುಡ್ಡು ಕಟ್ಟುವ ಬೂತ್ ಇಲ್ಲ. ಕಾರಿನಲ್ಲಿ ಟ್ಯಾಗ್ ಇದ್ದರೆ ಅದರಿಂದ ಕಡಿತವಾಗುತ್ತದೆ, ಇಲ್ಲದಿದ್ದರೆ ನಂಬರ್ ಪ್ಲೇಟ್ ನೋಡಿ ಮನೆಗೆ ಬಿಲ್ ಬರುತ್ತದೆ. ಬಾಡಿಗೆ ಕಾರಾದರೆ ಕಂಪನಿಯವರು ಅದರ ಮೇಲೆ ತಮ್ಮ ಶುಲ್ಕವನ್ನೂ ಸೇರಿಸಬಹುದು, ಮೊದಲೇ ಕೇಳಿಕೊಳ್ಳಿ.

ಈ ಕೆ-177ರಲ್ಲಿ ಕ್ಯಾಸೊಡೇಯಿಂದ ಕೌನ್ಸಿಲ್ ಗ್ರೋವ್‌ವರೆಗಿನ 47 ಮೈಲಿಯನ್ನು ಫ್ಲಿಂಟ್ ಹಿಲ್ಸ್ ನ್ಯಾಷನಲ್ ಸೀನಿಕ್ ಬೈವೇ ಅನ್ನುತ್ತಾರೆ. ನೋಟ ಚೆಂದವಿದೆ ಅಂತ ಸರ್ಕಾರವೇ ಗುರುತಿಸಿದ ರಸ್ತೆ. ಅದರ ದಕ್ಷಿಣದ ಅರ್ಧವೇ ಜಾಸ್ತಿ ಚೆನ್ನಾಗಿದೆ. ಕ್ಯಾನ್ಸಸ್ ಸಿಟಿಯವರು ಸಮಯ ಉಳಿದರೆ ಸಂಜೆ ಅದನ್ನೂ ನೋಡಿ.

ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಪೂರ್ತಿ ಹೋಗುತ್ತದೆ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಪೆಟ್ರೋಲನ್ನು ಎಂಪೋರಿಯಾದಲ್ಲೋ ವಿಚಿಟಾ ಬಿಡುವಾಗಲೋ ತುಂಬಿಸಿ.

ಹಂತ 3: ಗಾಡಿಯಲ್ಲಿ ಇವು ಇರಲಿ

ನೀರು, ತಲೆಗೆ ಒಂದಕ್ಕೆ ಎರಡು ಲೀಟರ್. ನಡಿಗೆಯ ದಾರಿಯಲ್ಲಿ ಎಲ್ಲೂ ನೀರು ಸಿಗುವುದಿಲ್ಲ. ಟೋಪಿ, ಉದ್ದ ಪ್ಯಾಂಟು, ಕಾಲುಚೀಲ, ಬೂಟು. ಚಪ್ಪಲಿಯಲ್ಲಿ, ಸೀರೆಯ ಸೆರಗು ಗಾಳಿಗೆ ಬಿಟ್ಟು ನಡೆಯುವುದು ಕಷ್ಟ. ಅಮ್ಮಂದಿರಿಗೆ ಚೂಡಿದಾರ್, ಶೂ ಹಾಕಿಸಿ. ಅವರು ಬೇಡ ಅನ್ನುತ್ತಾರೆ, ಆದರೂ ಹಾಕಿಸಿ.

ಊಟ ಮನೆಯಿಂದಲೇ ಕಟ್ಟಿಕೊಳ್ಳಿ. ಇದು ದನ ಸಾಕುವವರ ನಾಡು, ಹೋಟೆಲ್ ಕಡಿಮೆ, ಇರುವಲ್ಲಿ ಸಸ್ಯಾಹಾರ ಅಂದರೆ ಆಲೂಗಡ್ಡೆ ಫ್ರೈಸ್. ವಾರದ ಕೆಲವು ದಿನ ಅವೂ ಬಾಗಿಲು ಹಾಕಿರುತ್ತವೆ. ಪುಳಿಯೋಗರೆ, ಚಪಾತಿ ಪಲ್ಯ ಸಾಕು. ಮೊಸರನ್ನಕ್ಕೆ ಐಸ್ ಬಾಕ್ಸ್ ಬೇಕೇ ಬೇಕು.

ಹುಳಕ್ಕೆ ಹಚ್ಚುವ ಔಷಧಿ ಮರೆಯಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲಿನಲ್ಲಿ ಉಣ್ಣಿ ಇರುತ್ತದೆ. ಮಲೆನಾಡಿನವರಿಗೆ ಉಣುಗಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮಂಗನ ಕಾಯಿಲೆ ಇಲ್ಲಿಲ್ಲ, ಆದರೆ ಜ್ವರ ತರುವ ಬೇರೆ ಉಣ್ಣಿ ರೋಗಗಳಿವೆ. ಲೋನ್ ಸ್ಟಾರ್ ಎಂಬ ಜಾತಿಯ ಉಣ್ಣಿ ಕಚ್ಚಿದರೆ ಕೆಲವರಿಗೆ ಕೆಂಪು ಮಾಂಸದ ಅಲರ್ಜಿ ಬರುತ್ತದೆ. ಸಸ್ಯಾಹಾರಿಗಳು ನಗಬೇಡಿ, ಕೆಲವರಿಗೆ ಹಾಲು, ತುಪ್ಪವೂ ಆಗುವುದಿಲ್ಲ. ಇನ್ನೊಂದು ಚಿಗರ್. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ, ಬೆಲ್ಟ್ ಮತ್ತು ಕಾಲುಚೀಲದ ಅಂಚಿನಲ್ಲಿ ಕಚ್ಚಿ ವಾರಗಟ್ಟಲೆ ತುರಿಸುತ್ತದೆ. ಚರ್ಮಕ್ಕೆ ಡೀಟ್ ಇರುವ ಸ್ಪ್ರೇ ಹಾಕಿ. ಪರ್ಮೆತ್ರಿನ್ ಎಂಬ ಕೀಟನಾಶಕ ಬಟ್ಟೆಗೆ ಮಾತ್ರ, ಹಿಂದಿನ ದಿನವೇ ಹೊಡೆದು ಒಣಗಿಸಿ. ಅದನ್ನು ಮೈಗೆ ಹಚ್ಚಬಾರದು. ಒದ್ದೆ ಇರುವಾಗ ಬೆಕ್ಕಿನ ಹತ್ತಿರವೂ ಬಿಡಬೇಡಿ, ಬೆಕ್ಕಿಗೆ ಅದು ವಿಷ.

ಹಂತ 4: ಮೊದಲು ವಿಸಿಟರ್ ಸೆಂಟರ್

ಸ್ಟ್ರಾಂಗ್ ಸಿಟಿಯಿಂದ ಕೆ-177ರಲ್ಲಿ ಎರಡು ಮೈಲಿ ಉತ್ತರಕ್ಕೆ ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್ ಇದೆ. ಅಂದರೆ ಕಾಪಾಡಿಟ್ಟ ಹುಲ್ಲುಗಾವಲು, ಸುಮಾರು 11,000 ಎಕರೆ. 1996ರಲ್ಲಿ ಕಾನೂನು ಮಾಡಿ ಸ್ಥಾಪಿಸಿದ್ದು. ಇದರ ಲೆಕ್ಕಾಚಾರ ಸ್ವಲ್ಪ ವಿಚಿತ್ರ. ಕೇಂದ್ರ ಸರ್ಕಾರ ಇಲ್ಲಿ 180 ಎಕರೆಗಿಂತ ಹೆಚ್ಚು ಜಮೀನು ಹೊಂದುವಂತಿಲ್ಲ ಅಂತ ಆ ಕಾನೂನೇ ಹೇಳುತ್ತದೆ. ಸರ್ಕಾರ ಜಮೀನು ಹಿಡಿದುಕೊಳ್ಳುವುದು ಸುತ್ತಲಿನ ರಾಂಚಿನವರಿಗೆ ಬೇಕಿರಲಿಲ್ಲ. ರಾಂಚ್ ಅಂದರೆ ದನ ಮೇಯಿಸುವ ದೊಡ್ಡ ಜಮೀನು. ಹಾಗಾಗಿ ಈಗ ನೆಲದ ಬಹುಪಾಲು ನೇಚರ್ ಕನ್ಸರ್ವೆನ್ಸಿ ಎಂಬ ಖಾಸಗಿ ಸಂಸ್ಥೆಯದು, ನೋಡಿಕೊಳ್ಳುವುದರಲ್ಲಿ ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವೀಸ್ ಜೊತೆಗಿದೆ.

ಪ್ರವೇಶ ಶುಲ್ಕ ಇಲ್ಲ, ಪಾಸ್ ಬೇಕಿಲ್ಲ. ನಡಿಗೆಯ ದಾರಿಗಳು ದಿನದ 24 ಗಂಟೆಯೂ ತೆರೆದಿರುತ್ತವೆ. ಆದರೆ ವಿಸಿಟರ್ ಸೆಂಟರ್ ಹಗಲು ಮಾತ್ರ, ಅದರ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಹಿಂದಿನ ದಿನ ವೆಬ್‌ಸೈಟ್ ನೋಡಿ. ಒಳಗೆ ಹೋದ ತಕ್ಷಣ ರೇಂಜರನ್ನು ಎರಡು ಪ್ರಶ್ನೆ ಕೇಳಿ: ಇವತ್ತು ಬೈಸನ್ (ನಮ್ಮ ಕಾಟಿಯಂಥ ಇಲ್ಲಿನ ಕಾಡುಪ್ರಾಣಿ) ಎಲ್ಲಿವೆ, ಯಾವ ದಾರಿ ಮುಚ್ಚಿದೆ? ಮಕ್ಕಳಿದ್ದರೆ ಜೂನಿಯರ್ ರೇಂಜರ್ ಪುಸ್ತಕ ಕೇಳಿ ತೆಗೆದುಕೊಳ್ಳಿ. ಅದರಲ್ಲಿನ ಚಟುವಟಿಕೆ ಮುಗಿಸಿದರೆ ಬ್ಯಾಡ್ಜ್ ಕೊಡುತ್ತಾರೆ.

ಪಕ್ಕದಲ್ಲೇ 1881ರಲ್ಲಿ ಸ್ಟೀಫನ್ ಜೋನ್ಸ್ ಎಂಬ ದನದ ಸಾಹುಕಾರ ಕಟ್ಟಿಸಿದ ಸುಣ್ಣದ ಕಲ್ಲಿನ ಮನೆ ಇದೆ, ಮೂರಂತಸ್ತಿನ ಕಲ್ಲಿನ ಕೊಟ್ಟಿಗೆ ಇದೆ. ಮನೆಗಿಂತ ಕೊಟ್ಟಿಗೆ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಹಿತ್ತಲಲ್ಲಿ ಮೂರು ಗುಂಡಿಯ ಕಲ್ಲಿನ ಕಕ್ಕಸೂ ಇದೆ. ಮಕ್ಕಳು ಊರಿಗೆ ಫೋನ್ ಮಾಡಿ ಹೇಳುವುದು ಅದನ್ನೇ.

ಹಂತ 5: ನಡೆಯಿರಿ

ಇಡೀ ಜಾಗದಲ್ಲಿ ಸುಮಾರು 40 ಮೈಲಿ ನಡಿಗೆಯ ದಾರಿ ಇದೆ. ಎಲ್ಲವೂ ಬೇಡ, ನಿಮ್ಮ ಕಾಲಿಗೆ ತಕ್ಕದ್ದು ಆರಿಸಿ.

ಮಂಡಿನೋವಿನವರು, ಕೈಗಾಡಿಯಲ್ಲಿ ಮಗು ಇರುವವರು ಬಾಟಮ್‌ಲ್ಯಾಂಡ್ ಟ್ರೇಲ್‌ಗೆ ಹೋಗಿ. ಹಳ್ಳದ ಪಕ್ಕದ ಸಮತಟ್ಟು ದಾರಿ. ಬಾಟಮ್‌ಲ್ಯಾಂಡ್ ಅಂದರೆ ಹೊಳೆ ಬದಿಯ ತಗ್ಗು ನೆಲ, ಮಣ್ಣು ಆಳ. ಹಾಗಾಗಿ ಮಳೆ ಚೆನ್ನಾಗಿ ಬಿದ್ದ ವರ್ಷ ಸೆಪ್ಟೆಂಬರ್‌ನಲ್ಲಿ ಹುಲ್ಲು ಆಳೆತ್ತರ ದಾಟಿರುತ್ತದೆ. ಗುಡ್ಡದ ಮೇಲೆ ಹುಲ್ಲು ಇಷ್ಟು ಬೆಳೆಯುವುದಿಲ್ಲ. "ಟಾಲ್‌ಗ್ರಾಸ್ ಅಂತಾರೆ, ಮೊಣಕಾಲಷ್ಟೇ ಇದೆ" ಅಂತ ಬೇಜಾರಾಗುವವರು ಇಲ್ಲಿಗೆ ಬಂದಿರುವುದೇ ಇಲ್ಲ.

ಅರ್ಧ ದಿನ ಇದ್ದರೆ ಸೌತ್‌ವಿಂಡ್ ನೇಚರ್ ಟ್ರೇಲ್. ಎರಡು ಮೈಲಿಯ ಒಳಗಿನ ಸುತ್ತು. ಗುಡ್ಡದ ಮೇಲೆ ಒಂಟಿಯಾಗಿ ನಿಂತಿರುವ ಲೋವರ್ ಫಾಕ್ಸ್ ಕ್ರೀಕ್ ಶಾಲೆಯ ಕಡೆಗೂ ಹೋಗಬಹುದು. 1882ರ ಒಂದೇ ಕೋಣೆಯ ಕಲ್ಲಿನ ಕಟ್ಟಡ, 1930ರವರೆಗೆ ಪಾಠ ನಡೆಯುತ್ತಿತ್ತು.

ನಡೆಯುವ ಅಭ್ಯಾಸ ಇದ್ದವರಿಗೆ ಸೀನಿಕ್ ಓವರ್‌ಲುಕ್ ಟ್ರೇಲ್. ಹೋಗಿ ಬರಲು 6.4 ಮೈಲಿ, ಅಂದರೆ ಹತ್ತು ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ. ಜಲ್ಲಿ ಹಾಕಿದ ರಾಂಚ್ ದಾರಿ, ಏರು ಕಡಿದಲ್ಲ. ಮೇಲೆ ನಿಂತರೆ ನಾಲ್ಕು ದಿಕ್ಕಿಗೂ ಕಂಬವಿಲ್ಲ, ಮನೆಯಿಲ್ಲ. ಈ ದಾರಿ ಬೈಸನ್ ಇರುವ ಬಯಲಿನ ಮೂಲಕವೇ ಹೋಗುತ್ತದೆ. ಅಲ್ಲಿಗೆ ನಾಯಿಯನ್ನು ಒಯ್ಯುವಂತಿಲ್ಲ. ಮೊದಲು ಹೇಳಿದ ಎರಡು ದಾರಿಗಳಿಗೆ ಹಗ್ಗ ಕಟ್ಟಿ ಕರೆದೊಯ್ಯಬಹುದು.

ದಾರಿಯಲ್ಲಿ ಸಿಗುವ ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ದಾಟಿ ಮುಚ್ಚಿ. ದನ ಆಚೆ ಬಂದರೆ ಹುಡುಕುವವರಿಗೆ ಇಡೀ ದಿನದ ಕೆಲಸ. ಡ್ರೋನ್ ಹಾರಿಸುವಂತಿಲ್ಲ. ಹೂ, ಕಲ್ಲು ಕೀಳುವಂತಿಲ್ಲ.

ಹಂತ 6: ಬೈಸನ್ ಎದುರಾದರೆ

2009ರ ಅಕ್ಟೋಬರ್‌ನಲ್ಲಿ ದಕ್ಷಿಣ ಡಕೋಟಾದ ವಿಂಡ್ ಕೇವ್ ನ್ಯಾಷನಲ್ ಪಾರ್ಕ್‌ನಿಂದ 13 ಬೈಸನ್ ತಂದು ಇಲ್ಲಿ ಬಿಟ್ಟರು. ಈಗ ಅದು ದೊಡ್ಡ ಹಿಂಡು. ಬಂಡೀಪುರ, ನಾಗರಹೊಳೆಯಲ್ಲಿ ಕಾಟಿ ನೋಡಿದವರಿಗೆ ಪ್ರಾಣಿ ಹೊಸದಲ್ಲ ಅನ್ನಿಸಬಹುದು. ಆದರೆ ಅಲ್ಲಿ ನೀವು ಜೀಪಿನಲ್ಲಿ ಕೂತಿರುತ್ತೀರಿ, ಇಲ್ಲಿ ನೆಲದ ಮೇಲೆ ನಿಂತಿರುತ್ತೀರಿ. ಓಡಿ ಹತ್ತಲು ಮರವೂ ಇಲ್ಲ.

ಕನಿಷ್ಠ 100 ಗಜ ದೂರ ಇರಿ. ಗಂಡು ಬೈಸನ್ 900 ಕಿಲೋ ತೂಗಬಹುದು, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಸುಮ್ನೆ ಮೇಯುತ್ತಿದೆ ಅಂತ ಹತ್ತಿರ ಹೋಗಬೇಡಿ. ಬಾಲ ನೋಡಿ. ಬಾಲ ಜೋತು ಬಿದ್ದು ಅತ್ತಿತ್ತ ಆಡುತ್ತಿದ್ದರೆ ಅದು ಆರಾಮಾಗಿದೆ. ಬಾಲ ಮೇಲೆದ್ದು ನಿಂತರೆ ನೀವು ಆಗಲೇ ತುಂಬಾ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ವಸಂತದಲ್ಲಿ ಕಿತ್ತಳೆ ಬಣ್ಣದ ಕರುಗಳಿರುತ್ತವೆ, ತಾಯಿ ಮತ್ತು ಕರುವಿನ ನಡುವೆ ಹೋಗಲೇಬೇಡಿ. ಜುಲೈ, ಆಗಸ್ಟ್ ಬೆದೆಯ ಕಾಲ, ಗಂಡುಗಳಿಗೆ ಸಿಟ್ಟು ಜಾಸ್ತಿ.

ಹಿಂಡು ದಾರಿಯ ಮೇಲೇ ಮಲಗಿದ್ದರೆ? ಕಾಯಿರಿ, ಇಲ್ಲವೇ ದೂರದಿಂದ ಸುತ್ತು ಹಾಕಿ, ಇಲ್ಲವೇ ವಾಪಸ್ ಬನ್ನಿ. ಅವು ಏಳಲಿ ಅಂತ ಚಪ್ಪಾಳೆ ತಟ್ಟಬೇಡಿ. ಒಂದೂ ಕಾಣದೆ ವಾಪಸ್ ಬರುವ ದಿನಗಳೂ ಇರುತ್ತವೆ. ಇದು ಮೃಗಾಲಯವಲ್ಲ.

ಹಂತ 7: ಕಾಟನ್‌ವುಡ್ ಫಾಲ್ಸ್ ಮತ್ತು ಕೆರೆ

ಸ್ಟ್ರಾಂಗ್ ಸಿಟಿಯಿಂದ ದಕ್ಷಿಣಕ್ಕೆ, ಹೊಳೆ ದಾಟಿದರೆ ಕೌಂಟಿಯ ಆಡಳಿತದ ಊರು ಕಾಟನ್‌ವುಡ್ ಫಾಲ್ಸ್. ಇಟ್ಟಿಗೆ ಹಾಸಿದ ಬ್ರಾಡ್‌ವೇ ಬೀದಿಯ ತುದಿಯಲ್ಲಿ ಕೆಂಪು ಚಾವಣಿಯ ಕೋರ್ಟ್‌ಹೌಸ್ ಇದೆ, 1873ರದು. ಕ್ಯಾನ್ಸಸ್‌ನಲ್ಲಿ ಇನ್ನೂ ಬಳಕೆಯಲ್ಲಿರುವ ಕೋರ್ಟ್‌ಹೌಸ್‌ಗಳಲ್ಲಿ ಇದೇ ಹಳೆಯದು. ಒಳಗೆ ವಾಲ್‌ನಟ್ ಮರದ ಸುರುಳಿ ಮೆಟ್ಟಿಲು ನೋಡಲೇಬೇಕು. ಕಚೇರಿ ನಡೆಯುವ ಕಟ್ಟಡವಾದ್ದರಿಂದ ವಾರದ ದಿನವೇ ಹೋಗುವುದು ಒಳ್ಳೆಯದು. ಶನಿವಾರ ಹೋಗಿ ಬಾಗಿಲು ತಳ್ಳಿ ಬರುವವರು ಬಹಳ.

ಊರಿನಿಂದ ಒಂದೂವರೆ ಮೈಲಿ ಪಶ್ಚಿಮಕ್ಕೆ ಚೇಸ್ ಸ್ಟೇಟ್ ಫಿಶಿಂಗ್ ಲೇಕ್. ಮೀನು ಹಿಡಿಯುವವರಿಗಾಗಿ ರಾಜ್ಯ ಸರ್ಕಾರ ನೋಡಿಕೊಳ್ಳುವ ಕೆರೆ, 109 ಎಕರೆ. ಕೋಡಿಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಲಪಾತ ಇದೆ. ಮಳೆ ಬಿದ್ದ ಮೇಲೆ ಹೋದರೆ ಮಾತ್ರ ನೀರು. ಬೇಸಿಗೆ ಕೊನೆಯಲ್ಲಿ ಹೋದರೆ ಕಲ್ಲು ನೋಡಿ ಬರಬೇಕು. ಜೋಗ ನೆನೆಸಿಕೊಂಡು ಹೋಗಬೇಡಿ, ಇದು ಚಿಕ್ಕದು. ಕಲ್ಲು ಪಾಚಿಗಟ್ಟಿ ಜಾರುತ್ತದೆ. ಗಾಳ ಹಾಕುವುದಾದರೆ 16 ವರ್ಷ ಆದವರಿಗೆ ಕ್ಯಾನ್ಸಸ್ ಫಿಶಿಂಗ್ ಲೈಸೆನ್ಸ್ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ಊರಿಂದ ಬಂದ ಅಪ್ಪ ಒಂದು ಸಲ ಗಾಳ ಹಿಡಿದು ನೋಡುತ್ತೇನೆ ಅಂದರೂ ಲೈಸೆನ್ಸ್ ಇಲ್ಲದೆ ಕೈಗೆ ಕೊಡಬೇಡಿ.

ರಾತ್ರಿ ಉಳಿಯುವ ಆಸೆ ಇದ್ದರೆ ಡೇರೆ ಹಾಕಬೇಕಾದ್ದು ಈ ಕೆರೆಯ ದಂಡೆಯಲ್ಲಿ, ಗುರುತು ಮಾಡಿದ ಜಾಗಗಳಲ್ಲಿ. ಪ್ರಿಸರ್ವ್ ಒಳಗೆ ಡೇರೆ ಹಾಕುವಂತಿಲ್ಲ. ನಲ್ಲಿ, ಕರೆಂಟು ನಿರೀಕ್ಷಿಸಬೇಡಿ. ಅಮಾವಾಸ್ಯೆ ಹತ್ತಿರದ ರಾತ್ರಿಯಾದರೆ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ.

ಹಂತ 8: ಮಣ್ಣು ರಸ್ತೆಗೆ ಇಳಿಯುವ ಮುಂಚೆ

ಕೌಂಟಿಯ ಒಳರಸ್ತೆಗಳಲ್ಲಿ ಜಲ್ಲಿಯ ಜೊತೆ ಚಕಮಕಿ ಕಲ್ಲಿನ ಚೂರುಗಳೂ ಇರುತ್ತವೆ, ಟೈರ್ ಸೀಳುತ್ತವೆ. ಸ್ಟೆಪ್ನಿ ಇದೆಯೇ ನೋಡಿ. ಈಗಿನ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಪೈಪುಗಳ ಜಾಲರಿ ಕಂಡರೆ ಅದು ಕ್ಯಾಟಲ್ ಗಾರ್ಡ್. ಕಾರು ದಾಟುತ್ತದೆ, ದನ ದಾಟುವುದಿಲ್ಲ. ಅದರಾಚೆ ಬೇಲಿಯಿಲ್ಲದ ಮೇವುಗಾವಲು ಇರಬಹುದು, ದನ ರಸ್ತೆಯಲ್ಲೇ ನಿಂತಿರಬಹುದು. ನಿಧಾನ ಹೋಗಿ. ಲೋ ವಾಟರ್ ಕ್ರಾಸಿಂಗ್ ಅಂದರೆ ಹಳ್ಳದ ಮಟ್ಟಕ್ಕೇ ಹಾಕಿದ ಕಾಂಕ್ರೀಟ್ ದಾರಿ, ಸೇತುವೆಯಲ್ಲ. ಅದರ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ಕಡಿಮೆ ಕಂಡರೂ ಗಾಡಿ ಇಳಿಸದೆ ತಿರುಗಿಸಿ.

ಬೇಲಿಯಾಚೆ ಕಾಣುವುದೆಲ್ಲ ಖಾಸಗಿ ಜಮೀನು. 1931ರ ಮಾರ್ಚ್ 31ರಂದು ಅಮೆರಿಕನ್ ಫುಟ್‌ಬಾಲ್ ಕೋಚ್ ನೂಟ್ ರಾಕ್ನಿ ಸೇರಿ ಎಂಟು ಜನ ಸತ್ತ ವಿಮಾನ ಅಪಘಾತದ ಸ್ಮಾರಕ ಬಜಾರ್ ಎಂಬ ಹಳ್ಳಿಯ ಹತ್ತಿರ ಇದೆ. ಮರದ ರೆಕ್ಕೆ ಮುರಿದು ಬಿದ್ದ ಆ ವಿಮಾನದಿಂದಾಗಿ ಅಮೆರಿಕದ ವಿಮಾನ ಸುರಕ್ಷತೆಯ ನಿಯಮಗಳೇ ಬದಲಾದವು. ಮ್ಯಾಪ್‌ನಲ್ಲಿ ಗುರುತು ಕಾಣುತ್ತದೆ ಅಂತ ತಂತಿ ದಾಟಿ ಹೋಗಬೇಡಿ. ಅದೂ ಯಾರದೋ ಹೊಲ.

ಹಂತ 9: ಆಕಾಶದ ಮೇಲೆ ಕಣ್ಣಿಡಿ

ಇಲ್ಲಿನ ಹವಾಮಾನ ಎಚ್ಚರಿಕೆಗಳು ಕೌಂಟಿಯ ಹೆಸರು ಹೇಳಿ ಬರುತ್ತವೆ. ನೀವಿರುವುದು ಚೇಸ್, ಪೂರ್ವಕ್ಕೆ ಲಯನ್, ಪಶ್ಚಿಮಕ್ಕೆ ಮೇರಿಯನ್. ಮೂರೂ ಹೆಸರು ನೆನಪಿರಲಿ. ಟಾರ್ನೇಡೋ ವಾಚ್ ಅಂದರೆ ಸುಂಟರಗಾಳಿ ಏಳುವ ವಾತಾವರಣ ಇದೆ ಅಂತ. ವಾರ್ನಿಂಗ್ ಅಂದರೆ ಎದ್ದಿದೆ ಅಥವಾ ರೇಡಾರ್‌ನಲ್ಲಿ ಕಂಡಿದೆ, ತಕ್ಷಣ ಗಟ್ಟಿ ಕಟ್ಟಡದೊಳಗೆ ಹೋಗಬೇಕು ಅಂತ. ವಾಚ್ ಇರುವ ದಿನ ಉದ್ದದ ನಡಿಗೆ ಬೇಡ. ಗುಡುಗು ಕೇಳಿಸಿತೋ, ಗುಡ್ಡದಿಂದ ಇಳಿದು ಕಾರು ಸೇರಿ. ಆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ನೀವೇ.

ಹಂತ 10: ಮನೆಗೆ ಬಂದ ಮೇಲೆ

ಸುಸ್ತಾಗಿದೆ ಅಂತ ಹಾಗೇ ಮಲಗಬೇಡಿ. ಬಟ್ಟೆಯನ್ನು ನೇರವಾಗಿ ಡ್ರೈಯರ್‌ಗೆ ಹಾಕಿ ಹತ್ತು ನಿಮಿಷ ಜಾಸ್ತಿ ಬಿಸಿಯಲ್ಲಿ ಓಡಿಸಿ, ಉಣ್ಣಿ ಸಾಯುತ್ತವೆ. ಒಗೆಯುವುದು ಆಮೇಲೆ. ಸೋಪು ಹಚ್ಚಿ ಸ್ನಾನ ಮಾಡಿ. ಮಂಡಿಯ ಹಿಂದೆ, ಕಂಕುಳು, ಸೊಂಟ, ಕಿವಿಯ ಹಿಂದೆ, ಮಕ್ಕಳ ತಲೆಗೂದಲು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಮುಂದಿನ ಕೆಲವು ವಾರಗಳಲ್ಲಿ ಜ್ವರವೋ ಮೈಮೇಲೆ ಗುಳ್ಳೆಯೋ ಬಂದರೆ ಡಾಕ್ಟರ ಹತ್ತಿರ ಹೋದಾಗ ಉಣ್ಣಿ ಕಚ್ಚಿದ್ದನ್ನು, ಎಲ್ಲಿ, ಯಾವ ದಿನ ಅನ್ನುವುದನ್ನು ನೀವಾಗಿಯೇ ಹೇಳಿ. ಅಪ್ಪ ಅಮ್ಮ ಅಷ್ಟರಲ್ಲಿ ಊರಿಗೆ ವಾಪಸ್ ಹೋಗಿದ್ದರೆ ಅಲ್ಲಿನ ಡಾಕ್ಟರಿಗೂ ಇದನ್ನು ಹೇಳುವಂತೆ ಫೋನಿನಲ್ಲಿ ತಿಳಿಸಿ.